ಪಾಲಯ್ಯನ ಕಾಲರ್ ಅಂಗಿ

ಪಕ್ಕದ ಮನೆಯಾಕೆ ರಬ್ಬರು ಕೇಳಿಕೊಂಡು ಬಂದರು. ‘ನಮ್ಮ ಊರು’ ಅಂತ ಒಂದು ಚಿತ್ರ ಬರೆದು ತರಲು ಅವರ ಮಗಳಿಗೆ ಸ್ಕೂಲಿನಲ್ಲಿ ಹೇಳಿದ್ದರಂತೆ. ಈಗಿನ ಪದ್ಧತಿಯಂತೆ ಮಗಳು ಮೊಬೈಲ್ ನೋಡುತ್ತಿದ್ದಳು, ಅಮ್ಮ ಚಿತ್ರ ಬರೆಯುತ್ತಿದ್ದರು. ಹಾಳೆ ತೋರಿಸಿದರು. ಎರಡು ಗುಡ್ಡ, ನಡುವೆ ಸೂರ್ಯ, ಗುಡ್ಡದ ಬುಡದಿಂದ ಹೊರಟ ನದಿ, ನದಿಯಲ್ಲಿ ದೋಣಿ, ದಡದಲ್ಲಿ ಬಾಗಿದ ತೆಂಗಿನ ಮರ. ನಮ್ಮ ಊರು ಚಳ್ಳಕೆರೆ. ನೀವು ನೋಡಿಲ್ಲವಾದರೆ ಹೇಳಿಬಿಡುತ್ತೇನೆ, ಇಲ್ಲಿ ದೋಣಿ ಬಿಡಬೇಕೆಂದರೆ ಮೊದಲು ನೀರು ತರಿಸಬೇಕು. ಆ ಚಿತ್ರದಲ್ಲಿ ಸೂರ್ಯನೊಬ್ಬ ಮಾತ್ರ ನಮ್ಮೂರಿನವನು. ಅವನೂ ಗುಡ್ಡದ ಸಂದಿಯಿಂದ ನಾಚಿಕೊಂಡು ಇಣುಕುವ ಪೈಕಿ ಅಲ್ಲ. ಬಯಲಿನಲ್ಲಿ ಎದ್ದವನೇ ನೇರವಾಗಿ ನೆತ್ತಿಗೆ ಬಂದು ಕೂರುತ್ತಾನೆ.

“ಸೂರ್ಯ ವಸಿ ದೊಡ್ಡದಾಗೈತೆ ಮೇಷ್ಟ್ರೆ, ಅಳಿಸ್ಬೇಕು” ಎಂದರು.

“ಅವನೊಬ್ಬನನ್ನ ಬಿಟ್ಟು ಉಳಿದಿದ್ದೆಲ್ಲ ಅಳಿಸಿಬಿಡಿ” ಎಂದೆ. ತಮಾಷೆ ಎಂದುಕೊಂಡು ನಕ್ಕರು. ರಿಟೈರಾದ ಮೇಷ್ಟ್ರು ಹೇಳಿದ್ದೆಲ್ಲ ಜನಕ್ಕೆ ತಮಾಷೆಯೇ.

ಒಳಗೆ ಹೋಗಿ ನನ್ನ ಹಳೆಯ ಡ್ರಾಯಿಂಗ್ ಪೆಟ್ಟಿಗೆ ತೆರೆದೆ. ಮೊಂಡು ಪೆನ್ಸಿಲ್ಲುಗಳು, ಒಣಗಿದ ಬಣ್ಣದ ಬಿಲ್ಲೆಗಳು, ಒಂದು ಮೂಲೆಯಲ್ಲಿ ರಬ್ಬರು. ರಬ್ಬರಿನ ಕೆಳಗೆ, ತೂತಿನಲ್ಲಿ ನೀಲಿ ದಾರ ಸಿಕ್ಕಿಕೊಂಡ ಒಂದು ಬಿಳಿ ಗುಂಡಿ. ಅಂಗಿಯ ಗುಂಡಿ. ಆಕೆ ರಬ್ಬರು ತೆಗೆದುಕೊಂಡು ಹೋದರು. ಗುಂಡಿ ನನ್ನ ಅಂಗೈಯಲ್ಲಿ ಉಳಿಯಿತು, ಇವತ್ತಿನ ಮಧ್ಯಾಹ್ನದ ನಿದ್ದೆ ಹಾಳಾಯಿತು.

ಈ ಗುಡ್ಡ-ಸೂರ್ಯನ ವಿಷಯದಲ್ಲಿ ನಾನು ಮಾತಾಡುವ ಹಾಗಿಲ್ಲ, ನಿಜ. ನಾನು ಬದುಕು ಕಟ್ಟಿಕೊಂಡಿದ್ದೇ ಆ ಎರಡು ಗುಡ್ಡದ ಮೇಲೆ. ಚಳ್ಳಕೆರೆಯ ಹೈಸ್ಕೂಲಿನಲ್ಲಿ ನಮಗೆ ಡ್ರಾಯಿಂಗ್ ಕಲಿಸುತ್ತಿದ್ದ ಮೇಷ್ಟ್ರು ಎಲ್ಲಿಂದಲೋ ವರ್ಗವಾಗಿ ಬಂದವರು. ಅವರ ಪ್ರಕಾರ ಭೂಮಿಯ ಮೇಲೆ ಎಲ್ಲೇ ಹೋದರೂ ಎರಡು ಗುಡ್ಡ, ಒಂದು ಸೂರ್ಯ ಇರಲೇಬೇಕು. ನಾನು ಸ್ಕೇಲು ಇಟ್ಟು ಗುಡ್ಡ ಬರೆದೆ, ನಾಣ್ಯ ಇಟ್ಟು ಸೂರ್ಯ ಬರೆದೆ, ‘ಗುಡ್’ ಹಾಕಿಸಿಕೊಂಡೆ. ನನ್ನ ಪಕ್ಕ ಕೂರುತ್ತಿದ್ದ ಪಾಲಯ್ಯ ಮಾತ್ರ ಹಾಳೆಯ ನಡುವೆ ಈ ಕಡೆಯಿಂದ ಆ ಕಡೆಗೆ ಒಂದು ಗೆರೆ ಎಳೆದು ಪೆನ್ಸಿಲ್ ಕೆಳಗಿಟ್ಟುಬಿಟ್ಟಿದ್ದ.

“ಏನೋ ಇದು?” ಎಂದರು ಮೇಷ್ಟ್ರು.

“ನಮ್ಮ ಹಟ್ಟಿ ಮುಂದ್ಲ ಕಾವಲು ಸಾ, ದನ ಮೇಯೋ ಬಯಲು.”

“ಬೆಟ್ಟ ಎಲ್ಲಿ?”

“ನಮ್ಮತ್ರ ಇಲ್ಲ ಸಾ.”

“ಇಲ್ದಿದ್ರೆ ಹಾಕು.”

“ಎಲ್ಲಿಂದ ತರ್ಲಿ ಸಾ?”

ಬೆಟ್ಟ ತರದ ತಪ್ಪಿಗೆ ಅವನಿಗೆ ಬೆತ್ತದ ಏಟು ಬಿತ್ತು. ಏಟು ತಿಂದು ಕೂತವನು ಮರುಗಳಿಗೆಯೇ ಮೇಷ್ಟ್ರು ಬೆನ್ನು ತಿರುಗಿಸಿದ್ದು ನೋಡಿ, ಅವರ ಹಾಗೆಯೇ ಕನ್ನಡಕ ಮೇಲೇರಿಸುವಂತೆ ಮಾಡಿ, ಕತ್ತು ಸೊಟ್ಟ ಮಾಡಿ, “ಇಲ್ದಿದ್ರೆ ಹಾಕು” ಅಂದ. ಕ್ಲಾಸು ಬಿದ್ದು ಬಿದ್ದು ನಕ್ಕಿತು, ಅದಕ್ಕೂ ಒಂದು ಏಟು ಬಿತ್ತು. ಎರಡು ಗುಡ್ಡ ಬರೆದವನು ಡ್ರಾಯಿಂಗ್ ಮೇಷ್ಟ್ರಾದೆ. ಒಂದು ಗೆರೆ ಎಳೆದವನು ಸಿನಿಮಾಕ್ಕೆ ಹೋದ.

ಮೊಳಕಾಲ್ಮೂರಿಗೆ ನನಗೆ ಕೆಲಸದ ಆರ್ಡರ್ ಬಂದಾಗ ಒಳಗೊಳಗೇ ಖುಷಿಯಾಗಿತ್ತು. ಅಲ್ಲಿ ನಿಜವಾಗಿಯೂ ಗುಡ್ಡಗಳಿವೆ. ಬಂಡೆಯ ಮೇಲೆ ಬಂಡೆ ಕೂತು ಈಗ ಬೀಳುತ್ತೋ ಆಗ ಬೀಳುತ್ತೋ ಅನ್ನಿಸುವಂಥವು. ನನ್ನ ವಿದ್ಯೆಗೆ ತಕ್ಕ ಊರು ಕೊನೆಗೂ ಸಿಕ್ಕಿತು ಅಂದುಕೊಂಡೆ. ಮಕ್ಕಳು ಕಿಟಕಿಯಾಚೆಯ ಆ ಗುಡ್ಡಕ್ಕೆ ಬೆನ್ನು ಹಾಕಿ ಕೂತು, ಹಾಳೆಯ ಮೇಲೆ ಸಮೋಸಾದಂಥ ಎರಡು ಗುಡ್ಡ ಬರೆದು ನಡುವೆ ಸೂರ್ಯನನ್ನು ಸಿಕ್ಕಿಸಿದರು. ನಾನು ‘ಗುಡ್’ ಹಾಕಿದೆ. ಸರ್ಕಾರ ನನಗೆ ಸಂಬಳ ಕೊಡುತ್ತಿದ್ದದ್ದು ಅದಕ್ಕೇ.

ಪಾಲಯ್ಯನ ವಿಷಯಕ್ಕೆ ಬರೋಣ. ಅವನದು ದೊಡ್ಡಉಳ್ಳಾರ್ತಿ ಕಡೆಯ ಕಾವಲಿನ ಅಂಚಿನಲ್ಲಿರುವ ಮ್ಯಾಸಬೇಡರ ಹಟ್ಟಿ. ತಲೆತಲಾಂತರದಿಂದ ಆ ಹುಲ್ಲುಗಾವಲಿನಲ್ಲಿ ದನ ಮೇಯಿಸಿಕೊಂಡು ಬಂದ ಜನ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಅವರ ಹಟ್ಟಿಯೊಳಗೆ ಕೋಳಿ ಕಾಲಿಡುವಂತಿಲ್ಲ. ಸಾಕುವುದಿಲ್ಲ, ತಿನ್ನುವುದಿಲ್ಲ, ಕೋಳಿಯಿರುವ ಸೂರಿನಡಿ ಹಿರಿಯರು ಕೂರುವುದೂ ಇಲ್ಲ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ, ಆದರೆ ಕೋಳಿಯ ವಿಷಯದಲ್ಲಿ ಎಲ್ಲರೂ ಒಂದೇ. ಹಾಸ್ಟೆಲಿನಲ್ಲಿ ಯಾರೋ ಮೊಟ್ಟೆ ಬೇಯಿಸಿದರೆ ಪಾಲಯ್ಯ ತಟ್ಟೆ ಎತ್ತಿಕೊಂಡು ಹೊರಗೆ ಬಂದು ಕೂರುತ್ತಿದ್ದ.

ಬಯಲಾಟದಲ್ಲಿ ಅವನು ರಾಜನ ಪಾರ್ಟು ಮಾಡುತ್ತಿದ್ದ. ಕನ್ನಡಿ ಹೊಲಿದ ಮಖಮಲ್ಲಿನ ಕೋಟು, ಕಿರೀಟ, ಉದ್ದುದ್ದ ಮಾತು. ಅದನ್ನು ನೋಡಿದ ಸಿನಿಮಾದವನೊಬ್ಬ ಮೆಚ್ಚಿ ಬೆಂಗಳೂರಿಗೆ ಕರೆದುಕೊಂಡು ಹೋದ. ರಾಜನನ್ನು ಕಂಡು ಮೆಚ್ಚಿದವನು ಅವನಿಗೆ ಕೊಟ್ಟಿದ್ದು ಸೊಂಟಕ್ಕೆ ಸೊಪ್ಪು, ತಲೆಗೆ ಗರಿ, ಕೈಗೆ ಈಟಿ. ಕಾಡುಜನರ ನಾಯಕನ ಪಾತ್ರವಂತೆ. ಹೆಸರನ್ನೂ ಬದಲಾಯಿಸಿ ‘ವನರಾಜ್’ ಅಂತ ಇಟ್ಟರು. ಅವನ ಹಟ್ಟಿಯ ಸುತ್ತ ಇರುವ ವನವೆಂದರೆ ನಾಲ್ಕು ಬೇವಿನ ಮರ, ಒಂದಿಷ್ಟು ಜಾಲಿ.

ಆಮೇಲೆ ಎಷ್ಟು ಸಿನಿಮಾ ಬಂದರೂ ಅವನದು ಅದೇ ಸೊಪ್ಪು. ಮಾತು ಅಂದರೆ “ಹೂಂ, ಹಾ, ಹುರ್ರ್.” ಪುಟಗಟ್ಟಲೆ ಮಾತು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ ಬಾಯಿಗೆ ಮೂರು ಸದ್ದು ಕೊಟ್ಟರು. ಅದಕ್ಕೂ ಬೇರೆ ಯಾರಿಂದಲೋ ಡಬ್ಬಿಂಗ್ ಮಾಡಿಸಿದರು. ಪಾಲಯ್ಯನ ಹೂಂಕಾರದಲ್ಲಿ ಚಳ್ಳಕೆರೆಯ ಸೊಗಡು ಜಾಸ್ತಿಯಾಯಿತಂತೆ.

ಊರಿಗೆ ಬಂದಾಗಲೆಲ್ಲ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತಾ ಇದನ್ನೆಲ್ಲ ಹೇಳುತ್ತಿದ್ದ. “ನಾನು ಆ ಸೊಪ್ಪಿನ ಏಸದಾಗೆ ಹಟ್ಟಿಗೆ ಬಂದ್ರೆ ನಮ್ಮ ದನ ನನ್ನ ಮೇಯ್ದೇ ಬಿಡ್ತವೆ ಕಣಲೇ” ಎನ್ನುತ್ತಿದ್ದ. ಅವನ ಜೊತೆ ನಾನೂ ನಗುತ್ತಿದ್ದೆ. ನಗು ಮುಗಿದ ಮೇಲೆ ಅವನು ಇನ್ನೊಂದು ಟೀ ಹೇಳುತ್ತಿದ್ದ.

ಅವನಿಗೊಂದು ಆಸೆ. ಅಂಗಿ ತೊಟ್ಟು ಒಂದು ಪಾರ್ಟು ಮಾಡಬೇಕು. ಹೀರೋ ಅಲ್ಲ, ವಿಲನ್ನೂ ಅಲ್ಲ. ಮೇಷ್ಟ್ರ ಪಾರ್ಟು. “ನಿನ್ನಂಗೆ ಕುರ್ಚಿ ಮ್ಯಾಲೆ ಕುಂತ್ಕಂಡು ಹುಡುಗ್ರನ್ನ ಬೈಬೇಕು ಕಣಲೇ. ಬೈಯಾದು ನಿನಗಿಂತ ಚೆನ್ನಾಗಿ ಬರುತ್ತೆ ನಂಗೆ” ಎಂದು ನಮ್ಮ ಹಳೆಯ ಮೇಷ್ಟ್ರ ಹಾಗೆ ಕತ್ತು ಸೊಟ್ಟ ಮಾಡುತ್ತಿದ್ದ. ಆಸೆಯನ್ನು ಬರಿಯ ಬಾಯಲ್ಲಿ ಇಟ್ಟುಕೊಳ್ಳುವವನಲ್ಲ. ಚಳ್ಳಕೆರೆಯ ಟೈಲರ್ ಬಾಷಾ ಸಾಬರ ಹತ್ತಿರ ಹೋಗಿ ತಿಳಿನೀಲಿ ಟೆರಿಲಿನ್ ಬಟ್ಟೆಯಲ್ಲಿ ತುಂಬುತೋಳಿನ ಅಂಗಿ ಹೊಲಿಸಿದ. ಜೊತೆಗೆ ನಾನೂ ಹೋಗಿದ್ದೆ.

“ಶಾದಿಗಾ?” ಎಂದರು ಸಾಬರು, ಟೇಪು ಕೊರಳಿಗೆ ಹಾಕಿಕೊಂಡು.

“ಪಿಚ್ಚರಿಗೆ ಸಾಬ್ರೆ. ಮೇಷ್ಟ್ರು ಪಾರ್ಟು.”

“ಹಂಗಾದ್ರೆ ಕಾಲರ್ ಖಡಕ್ಕಾಗಿ ಇರ್ಬೇಕು. ಮಕ್ಕಳು ಹೆದರ್ಬೇಕು, ಕ್ಯಾ?” ಎಂದು ಸಾಬರು ಕಾಲರಿನೊಳಗೆ ಎರಡು ಪದರ ಕ್ಯಾನ್ವಾಸ್ ಸೇರಿಸಿ ಹೊಲಿದರು. ಕತ್ತು ತಿರುಗಿಸಿದರೆ ಕೆನ್ನೆ ಕೊಯ್ಯುವಂಥ ಕಾಲರ್.

ಆ ಅಂಗಿ ತೊಟ್ಟು ಅವನು ಒಬ್ಬ ನಿರ್ಮಾಪಕರ ಮುಂದೆ ಹೋಗಿ ನಿಂತನಂತೆ. ಅವರು ಮೇಲಿಂದ ಕೆಳಗೆ ನೋಡಿ, “ಅಂಗಿ ಹಾಕ್ಕೊಂಡ್ರೆ ನೀನು ಯಾರು ಅಂತಲೇ ಜನಕ್ಕೆ ಗೊತ್ತಾಗಲ್ಲಪ್ಪ” ಎಂದರಂತೆ. ಪಾಲಯ್ಯ ವಾಪಸ್ಸು ಬಂದು ಅಂಗಿ ಒಗೆಸಿ, ಇಸ್ತ್ರಿ ಹಾಕಿಸಿ, ಹಟ್ಟಿಯಲ್ಲಿ ಅವನ ಅಕ್ಕ ಬೋರಮ್ಮನ ಟ್ರಂಕಿನಲ್ಲಿ ಇಡಿಸಿದ. ವರ್ಷ ವರ್ಷ ಅದನ್ನು ತೆಗೆದು ಒಗೆಯುವುದು, ಇಸ್ತ್ರಿ, ಮತ್ತೆ ಟ್ರಂಕು. “ಯಾವಾಗ ಕರೀತಾರೋ ಏನೋ, ರೆಡಿ ಇರ್ಬೇಕು” ಎನ್ನುತ್ತಿದ್ದ. ಹೊಟ್ಟೆ ಬಂದರೆ ಅಂಗಿ ಹಿಡಿಯುವುದಿಲ್ಲ ಅಂತ ಮುದ್ದೆಯಲ್ಲೂ ಲೆಕ್ಕಾಚಾರ ಮಾಡುತ್ತಿದ್ದ.

ಕರೆ ಬಂದಿದ್ದು ಕೋಳಿಗೆ. ಒಂದು ದೊಡ್ಡ ಸಿನಿಮಾ, ಅದರಲ್ಲಿ ಕಾಡುಜನರ ನಾಯಕ ಸಿಟ್ಟು ಬಂದಾಗ ಜೀವಂತ ಹುಂಜದ ಕತ್ತು ಕಚ್ಚಬೇಕು. ಪಾಲಯ್ಯ ಆಗುವುದಿಲ್ಲ ಅಂದ. “ಕಾಡುಜನ ಕೋಳಿ ತಿನ್ನದೆ ಇನ್ನೇನು ತಿಂತಾರೆ?” ಅಂತ ಡೈರೆಕ್ಟರು ಕೇಳಿದ್ದಕ್ಕೆ “ಮುದ್ದೆ” ಅಂದನಂತೆ. ಕೊನೆಗೆ ಪಾಲಯ್ಯನ ಕಣ್ಣು ಮಾತ್ರ ಕೆಂಪಗೆ ತೋರಿಸಿ, ಕಚ್ಚುವ ಬಾಯಿಯನ್ನು ಬೇರೆಯವನಿಂದ ತೆಗೆಸಿ ಜೋಡಿಸಿದರು. ಸಿನಿಮಾ ಓಡಿತು. ನಾಡಿನ ಜನರೆಲ್ಲ ಪಾಲಯ್ಯ ಕೋಳಿ ಕಚ್ಚಿದ ಅಂತಲೇ ನಂಬಿದರು. ಅವನ ಹಟ್ಟಿಯೂ ನಂಬಿತು. ಬಾಗಿಲಲ್ಲಿ ತಡೆದು ನಿಲ್ಲಿಸಿದ ಹಿರಿಯರ ಮುಂದೆ ದೇವರ ಎತ್ತಿನ ಮೇಲೆ ಕೈಯಿಟ್ಟು ಆಣೆ ಮಾಡಿದ ಮೇಲೆಯೇ ಅವನನ್ನು ಒಳಗೆ ಬಿಟ್ಟಿದ್ದು. ಅದನ್ನು ನನಗೆ ಹೇಳುವಾಗ ಅವನು ನಗಲಿಲ್ಲ, ನನಗೂ ನಗು ಬರಲಿಲ್ಲ.

ಕೆಲವು ವರ್ಷದ ಕೆಳಗೆ ಪಾಲಯ್ಯ ಕಾಯಿಲೆಯಿಂದ ಹೋದ. ಹೋದ ಮೇಲೆ ದೊಡ್ಡವನಾದ. ನಮ್ಮಲ್ಲಿ ಅದೊಂದು ಅನುಕೂಲವಿದೆ, ನೋಡಿ. ಬದುಕಿರುವಾಗ ಕೂರಲು ಕುರ್ಚಿ ಕೊಡದವರು ಸತ್ತ ಮೇಲೆ ಪೀಠ ಕೊಡುತ್ತಾರೆ. ಬೆಂಗಳೂರಿನಿಂದ ಒಂದು ಕಲಾತಂಡ ಬಂತು. ‘ನೆಲ, ನೆನಪು, ನಟ’ ಎಂದು ಅವನ ಸ್ಮರಣೆಯಲ್ಲಿ ಕಲಾಪ್ರದರ್ಶನ ಮಾಡುತ್ತಾರಂತೆ, ಅವನ ನೆಲ ಮತ್ತು ಕತೆಯ ಮೂಲಕ ಅವನನ್ನು ಕಾಣಿಸುತ್ತಾರಂತೆ. ತಂಡದ ಮುಖ್ಯಸ್ಥೆ ಒಬ್ಬ ಕ್ಯುರೇಟರ್, ಅಂದರೆ ಪ್ರದರ್ಶನದಲ್ಲಿ ಏನಿಡಬೇಕು ಏನಿಡಬಾರದು ಎಂದು ತೀರ್ಮಾನಿಸುವವರು, ಬಹಳ ವಿನಯದ ಹೆಣ್ಣುಮಗಳು. ಮೊಳಕಾಲ್ಮೂರು ರೇಷ್ಮೆ ಸೀರೆ ಉಟ್ಟಿದ್ದರು. “ನಿಮ್ಮ ಕಡೆಯದೇ ಸರ್, ಬೆಂಗಳೂರಲ್ಲಿ ತಗೊಂಡೆ” ಎಂದರು. ನನ್ನನ್ನು ಸ್ಥಳೀಯ ಸಲಹೆಗಾರ ಎಂದು ಕಮಿಟಿಗೆ ಸೇರಿಸಿಕೊಂಡರು. ನನ್ನ ಸಲಹೆಯನ್ನು ತಪ್ಪದೆ ಪಾಲಿಸಿದರು ಕೂಡ. ಮಂಡಕ್ಕಿ ಒಗ್ಗರಣೆ ಯಾವ ಹೋಟೆಲಿನದು ಚೆನ್ನಾಗಿರುತ್ತದೆ ಎಂದು ಹೇಳಿದೆ, ಅಲ್ಲಿಂದಲೇ ತರಿಸಿದರು.

ದೊಡ್ಡಉಳ್ಳಾರ್ತಿಗೆ ಹೋಗುವ ರಸ್ತೆ ಬದಿಯ ಹೊಸ ಸಮುದಾಯ ಭವನ. ಉದ್ಘಾಟನೆಯ ದಿನ ಬೆಳಗ್ಗೆ ಹೋಗಿ ನೋಡಿದರೆ ಗೋಡೆಯ ತುಂಬ ಕಾಡು. ಆಳೆತ್ತರದ ಚಿತ್ರಗಳಲ್ಲಿ ಹಸಿರೋ ಹಸಿರು, ಬಳ್ಳಿ, ಜಲಪಾತ, ಒಂದರಲ್ಲಿ ಆನೆಯೂ ಇತ್ತು. ಎಲೆಗಳ ನಡುವಿನಿಂದ ಪಾಲಯ್ಯ ಗರಿ ಕಟ್ಟಿಕೊಂಡು ಇಣುಕುತ್ತಿದ್ದ. ನಮ್ಮ ಮೇಷ್ಟ್ರ ಎರಡು ಗುಡ್ಡ ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಕಲಿತು ಬಂದಿದ್ದವು. ಒಂದು ಮೂಲೆಯಲ್ಲಿ ಸ್ಪೀಕರು “ಹೂಂ, ಹಾ, ಹುರ್ರ್” ಎನ್ನುತ್ತಿತ್ತು. ಅದು ಕತೆಯ ವಿಭಾಗವಂತೆ. ಭವನದ ಕಿಟಕಿಗಳಾಚೆ ನಿಜವಾದ ಕಾವಲು ಕಣ್ಣು ಹಾಯುವಷ್ಟು ದೂರ ಬಿದ್ದುಕೊಂಡಿತ್ತು. ಚಿತ್ರಗಳ ಮೇಲೆ ಬೆಳಕು ಬೀಳುತ್ತದೆಂದು ಕಿಟಕಿಗೆಲ್ಲ ಕಪ್ಪು ಪರದೆ ಹಾಕಿಸಿದ್ದರು.

ಆಗ ಲಾರಿಯಿಂದ ಅದು ಇಳಿಯಿತು. ಕಬ್ಬಿಣದ ಹುಂಜ. ನನಗಿಂತ ಎತ್ತರ, ಕೆಂಪು ಜುಟ್ಟು, ರೆಕ್ಕೆ ಬಿಚ್ಚಿ, ಕತ್ತು ಎತ್ತಿ. ಬಾಗಿಲಿಗೆ ಎದುರಾಗಿ, ಭವನದ ನಟ್ಟನಡುವೆ, ಬೋಲ್ಟು ಹಾಕಿ ನಿಲ್ಲಿಸಿದರು. “ಅವರ ಅತ್ಯಂತ ಪ್ರಸಿದ್ಧ ದೃಶ್ಯಕ್ಕೆ ನಮ್ಮ ನಮನ ಸರ್” ಎಂದರು ಕ್ಯುರೇಟರ್.

ಅವನು ಕಚ್ಚಿಲ್ಲ, ಅವನ ಜನಕ್ಕೆ ಕೋಳಿ ಆಗುವುದಿಲ್ಲ, ಹಟ್ಟಿಯವರು ಒಳಗೆ ಬರುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರ ಕಣ್ಣು ಹೊಳೆಯಿತು. “ಎಂಥಾ ಕಾಂಟ್ರಡಿಕ್ಷನ್ ಸರ್! ಇದನ್ನ ಬೋರ್ಡಲ್ಲಿ ಬರೀಬೇಕು!” ಎಂದು ಪೆನ್ನು ಹುಡುಕತೊಡಗಿದರು.

ಅಷ್ಟರಲ್ಲಿ ಹಟ್ಟಿಯವರ ಟ್ರ್ಯಾಕ್ಟರ್ ಬಂತು. ಮುಂದೆ ಪಾಲಯ್ಯನ ಅಕ್ಕ ಬೋರಮ್ಮ. ಬೆನ್ನು ಬಾಗಿದೆ, ಕಣ್ಣು ಚುರುಕು. ಎದೆಗೆ ಒಂದು ಪ್ಲಾಸ್ಟಿಕ್ ಕವರು ಅವುಚಿಕೊಂಡಿದ್ದಳು. ಬಾಗಿಲ ತನಕ ಬಂದಳು, ಒಳಗೆ ನೋಡಿದಳು, ಹುಂಜ ನೋಡಿದಳು. ಹೊಸಲ ಮೇಲೆ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಹೋಗಿ ಅಂಗಳದ ಬೇವಿನ ಮರದ ಕೆಳಗೆ ಕೂತಳು. ಹಟ್ಟಿಯವರೆಲ್ಲ ಅವಳ ಸುತ್ತ ಕೂತರು.

“ಅವನು ಕಚ್ಲಿಲ್ಲ ಮೇಷ್ಟ್ರೆ” ಎಂದಳು ನಾನು ಹತ್ತಿರ ಹೋದಾಗ.

“ಗೊತ್ತಕ್ಕ.”

“ನಿಮಗೆ ಗೊತ್ತೈತೆ. ಅವರಿಗೆ ಹೇಳ್ರಿ.”

“ಹೇಳ್ದೆ ಅಕ್ಕ.”

ಬೋರಮ್ಮ ಕವರಿನಿಂದ ಅಂಗಿ ತೆಗೆದಳು. ಮಡಿಕೆ ಕೆಟ್ಟಿರಲಿಲ್ಲ. ಬಾಷಾ ಸಾಬರ ಕಾಲರ್ ಅಷ್ಟು ವರ್ಷವಾದರೂ ಬಗ್ಗಿರಲಿಲ್ಲ. “ನಾನು ಒಳಗೆ ಬರಲ್ಲ. ಇದನ್ನ ಒಳಗೆ ತೂಗಾಕ್ರಿ, ಅಷ್ಟು ಸಾಕು. ಬಂದ ಜನ ಒಂದ್ ಸಲನಾದ್ರೂ ಅವನ ಅಂಗಿ ನೋಡ್ಲಿ” ಎಂದಳು.

ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದೆ. ಕ್ಯುರೇಟರ್ ತೋಳನ್ನು ಮುಟ್ಟಿ ನೋಡಿದರು. “ಸಿಂಥೆಟಿಕ್ ಅಲ್ವಾ ಸರ್? ಅವರ ಮೂಲ ಸಂಸ್ಕೃತಿಗೆ ಹೊಂದಲ್ಲ. ಹಳೇ ಕಂಬಳಿ ಇದ್ರೆ ಕೊಡೋಕೆ ಹೇಳಿ” ಎಂದರು, ಅಷ್ಟೇ ವಿನಯದಿಂದ.

ನನಗೆ ಸಿಟ್ಟು ಬಂತು. ಎರಡು ಗುಡ್ಡ ಬರೆದುಕೊಂಡು ಬದುಕಿದವನಿಗೆ ಬರಬಾರದಷ್ಟು ಬಂತು. ಆದರೆ ಮುಖ್ಯ ಅತಿಥಿಗಳ ಕಾರು ಬಂದಿತ್ತು, ದೀಪದ ಬತ್ತಿಗೆ ಎಣ್ಣೆ ಸಾಲದೆ ಕಮಿಟಿಯವರು ಓಡಾಡುತ್ತಿದ್ದರು, ನನ್ನ ಸಿಟ್ಟಿಗೆ ಅಜೆಂಡಾದಲ್ಲಿ ಜಾಗ ಇರಲಿಲ್ಲ. ಅಂಗಿ ಹಿಡಿದು ಹೊರಗೆ ಬಂದೆ. ಬೋರಮ್ಮ ನನ್ನ ಮುಖ ನೋಡಿದಳು. ಪಕ್ಕದಲ್ಲಿದ್ದವನ ಕೈಯಿಂದ ದನ ಕಾಯುವ ಕೋಲು ಇಸಿದುಕೊಂಡು ಅಂಗಿಯ ಎರಡು ತೋಳಿನೊಳಗೆ ತೂರಿಸಿದಳು, ಗುಂಡಿಗಳನ್ನೆಲ್ಲ ಕೊರಳವರೆಗೂ ಹಾಕಿದಳು, ಹಗ್ಗ ಕಟ್ಟಿ ಬೇವಿನ ಕೊಂಬೆಗೆ ತೂಗಿಸಿದಳು.

ನಮ್ಮ ಕಾವಲಿನ ಗಾಳಿ ನಿಮಗೆ ಗೊತ್ತಿಲ್ಲ. ತಡೆಯಲು ಗುಡ್ಡವಿಲ್ಲದ ಗಾಳಿ. ಅದು ಅಂಗಿಯೊಳಗೆ ನುಗ್ಗಿತು, ಎದೆ ಉಬ್ಬಿತು, ತೋಳು ತುಂಬಿತು. ಕಾಲರ್ ನೆಟ್ಟಗೆ ನಿಂತಿತು. ಅದರ ಹಿಂದೆ ಈ ಕಡೆಯಿಂದ ಆ ಕಡೆಗೆ ಒಂದೇ ಗೆರೆಯಾಗಿ ಕಾವಲು. ಅವನು ಹಾಳೆಯ ಮೇಲೆ ಎಳೆದು ಏಟು ತಿಂದ ಅದೇ ಗೆರೆ.

“ಎವುರಪ್ಪಾ ವೀಡು?” ಎಂದ ಹಟ್ಟಿಯ ಮುದುಕನೊಬ್ಬ ಅಂಗಿ ನೋಡಿ. ಯಾರಪ್ಪಾ ಇವನು ಅಂತ.

“ಪಾಲಯ್ಯ ಮೇಷ್ಟ್ರು” ಎಂದಳು ಬೋರಮ್ಮ.

ಯಾರೋ ಕಿಸಕ್ಕೆಂದರು. ಮುದುಕ ಎದ್ದು ಅಂಗಿಯ ಮುಂದೆ ಕೈಕಟ್ಟಿ ನಿಂತು, “ಬೆಟ್ಟ ಇಲ್ಲ ಸಾ” ಎಂದ. ಪಾಲಯ್ಯ ಆ ಪ್ರಸಂಗವನ್ನು ಹಟ್ಟಿಯಲ್ಲಿ ಎಷ್ಟು ಸಲ ಆಡಿ ತೋರಿಸಿದ್ದನೋ, ಎಲ್ಲರೂ ಒಟ್ಟಿಗೆ ಕತ್ತು ಸೊಟ್ಟ ಮಾಡಿ “ಇಲ್ದಿದ್ರೆ ಹಾಕು!” ಎಂದರು. ಅಲ್ಲಿಂದ ಶುರುವಾಯಿತು. ಒಬ್ಬರಾದ ಮೇಲೆ ಒಬ್ಬರು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಅವನ ಕತೆಗಳು. ನಗೆ ಒಳಗೆ ಕೇಳಿಸಿತೇನೋ, ಮೊದಲು ಮಂಡಕ್ಕಿ ಬಡಿಸುವವರು ಹೊರಗೆ ಬಂದರು, ಆಮೇಲೆ ಶಾಮಿಯಾನದವರು, ಆಮೇಲೆ ಸಭಿಕರು. ಮುಖ್ಯ ಅತಿಥಿಗಳು ಭಾಷಣವನ್ನು ಅರ್ಧಕ್ಕೆ ಬಿಡುವವರಲ್ಲ. ಹುಂಜ ಕೊನೆಯವರೆಗೂ ಕೂತು ಕೇಳಿತು ಅನ್ನಬಹುದು, ಬೋಲ್ಟು ಹಾಕಿತ್ತಲ್ಲ.

ಕೊನೆಗೆ ಕ್ಯುರೇಟರ್ ಬಂದರು. ಅಂಗಿಯನ್ನೂ ಅದರ ಹಿಂದಿನ ಬಯಲನ್ನೂ ನೋಡಿ ನಿಂತುಬಿಟ್ಟರು. ಮೊಬೈಲ್ ತೆಗೆದು ಫೋಟೋ ಮೇಲೆ ಫೋಟೋ ಹೊಡೆದರು. “ಅದ್ಭುತವಾದ ಇನ್‌ಸ್ಟಲೇಷನ್ ಸರ್! ಈ ಕಲಾಕೃತಿಯ ಆರ್ಟಿಸ್ಟು ಯಾರು?”

“ಬಾಷಾ ಸಾಬ್ರು” ಎಂದಳು ಬೋರಮ್ಮ. “ಚಳ್ಳಕೆರೇಲಿ ಹೊಲಿತಿದ್ರು. ಈಗಿಲ್ಲ.”

ಪ್ರದರ್ಶನ ಮುಗಿಯುವ ತನಕ ಅಂಗಿ ಹಾಗೇ ಇರಲಿ, ಬೇಕಾದರೆ ಒಳಗೇ ತೂಗುಹಾಕೋಣ ಎಂದು ಕ್ಯುರೇಟರ್ ಕೇಳಿಕೊಂಡರು. ಈಗ ನಿಜವಾಗಿಯೂ ಕೇಳಿಕೊಂಡರು. ಬೋರಮ್ಮ ಹಗ್ಗ ಬಿಚ್ಚುತ್ತಾ, “ಬಿಸಿಲಿಗೆ ಬಣ್ಣ ಹೋಗುತ್ತಮ್ಮ. ಒಗೆದು ಇಸ್ತ್ರಿ ಹಾಕಿಡಬೇಕು. ಅವನು ಹಂಗೇ ಇಟ್ಕಂತಿದ್ದ” ಎಂದಳು. ಗುಂಡಿ ಬಿಚ್ಚಿ ಕೋಲು ಹೊರಗೆಳೆದು, ಅಂಗಿಯನ್ನು ಮಡಿಕೆಯ ಮೇಲೇ ಮಡಿಚಿ ಕವರಿಗೆ ಹಾಕಿದಳು. ಟ್ರ್ಯಾಕ್ಟರ್ ಹೊರಟಿತು.

ಪೇಪರಿನಲ್ಲಿ ಬಂದ ಫೋಟೋದಲ್ಲಿ ಮುಖ್ಯ ಅತಿಥಿಗಳಿದ್ದರು, ಹುಂಜವಿತ್ತು. ನಾನು ಹುಂಜದ ರೆಕ್ಕೆಯ ಹಿಂದೆ ಅರ್ಧ ಇದ್ದೆ, ಸ್ಥಳೀಯ ಸಲಹೆಗಾರ ಇರಬೇಕಾದ ಜಾಗದಲ್ಲಿ.

ಗುಂಡಿ ಸಿಕ್ಕಿದ್ದು ಆವತ್ತೇ, ಟ್ರ್ಯಾಕ್ಟರ್ ಹೋದ ಮೇಲೆ, ಬೇವಿನ ಮರದ ಕೆಳಗೆ. ಕೊರಳಿನ ಗುಂಡಿ. ಗಾಳಿಗೆ ದಾರ ಸಡಿಲವಾಗಿ, ಬಿಚ್ಚುವಾಗ ಕಿತ್ತು ಬಂದಿತ್ತೇನೋ. ಕೊಟ್ಟು ಬಂದರಾಯಿತು ಎಂದು ಪೆಟ್ಟಿಗೆಗೆ ಹಾಕಿದವನು ಹಾಗೇ ಬಿಟ್ಟುಬಿಟ್ಟಿದ್ದೆ. ಈಗ ಹೆಂಡತಿಯ ಹತ್ತಿರ ಸೂಜಿ, ನೀಲಿ ದಾರ ಇಸಿದುಕೊಂಡು ಕೂತಿದ್ದೇನೆ. “ಎಲ್ಲಿಗೆ ಹೊರಟ್ರಿ ಈ ಬಿಸಿಲಲ್ಲಿ?” ಎಂದು ಕೇಳುತ್ತಿದ್ದಾಳೆ. ದೊಡ್ಡಉಳ್ಳಾರ್ತಿ ಬಸ್ಸು ನಾಲ್ಕಕ್ಕಿದೆ, ಹೋಗಿ ಹೊಲಿದು ಬರಬೇಕು. ಇವತ್ತೋ ನಾಳೆಯೋ ಯಾರಾದರೂ ಮೇಷ್ಟ್ರ ಪಾರ್ಟಿಗೆ ಕರೆದರೆ, ಕೊರಳ ಗುಂಡಿ ಇಲ್ಲದ ಅಂಗಿಯಲ್ಲಿ ಪಾಲಯ್ಯ ಹೇಗೆ ಹೋಗುತ್ತಾನೆ?